ಎತ್ತೋದು ಹೇಗೆ ಅಂತ ಯಾರೂ ಕಲಿಸಿರಲಿಲ್ಲ

ಶನಿವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಮೈದಾನದಲ್ಲಿ ಪೌರನೀತಿ ಟೀಚರ್ ಅಂಗಾತ ಬಿದ್ದಿದ್ದಾರೆ. ಸುತ್ತ ನಿಂತ ಹತ್ತನೇ ತರಗತಿಯ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ.

"ಕುತ್ತಿಗೆ ಅಲ್ಲಾಡಿಸ್ಬೇಡ ಕಣೇ, ಮೊದ್ಲು ಮಾತಾಡ್ಸು," ಎಂದು ಬಿದ್ದವರೇ ಹೇಳಿಕೊಡುತ್ತಾರೆ.

ಆಂಬುಲೆನ್ಸ್ ಓಡಿಸುವ ಅವರ ತಮ್ಮ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾನೆ. "ಅಕ್ಕ, ಪ್ರಜ್ಞೆ ತಪ್ಪಿದೋರು ಇಷ್ಟು ಮಾತಾಡಲ್ಲ," ಎನ್ನುತ್ತಾನೆ.

ಶಾಲೆಯಲ್ಲಿ ಪೌರನೀತಿ ಯಾರಿಗೂ ಬೇಡದ ಕೂಸು. ಗಣಿತದ ಪಾಠ ಮುಗಿಯದಿದ್ದರೆ ಕಸಿಯುವುದು ಇವರ ಪಿರಿಯಡ್ಡನ್ನೇ. ಗಂಡ ತೀರಿಕೊಂಡ ಮೇಲೆ ಇವರು ಎರಡು ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಊಟ, ಎರಡರ ನಡುವಿನ ಬಸ್ಸಿನಲ್ಲಿ.

ಹೋದ ವರ್ಷ ಆ ಬಸ್ಸಿನಿಂದ ಇಳಿಯುವಾಗಲೇ ಬೈಕೊಂದು ಗುದ್ದಿ ಹೋಯಿತು. ಕಣ್ಣು ಬಿಟ್ಟರೆ ಎದುರಿಗೆ ತಮ್ಮದೇ ಶಾಲೆಯ ಸಮವಸ್ತ್ರ. ಹೋದ ಜೀವ ಬಂದಂತಾಯಿತು. ಆದರೆ ಚಾಚಿದ ಕೈಗಳಲ್ಲೆಲ್ಲ ಫೋನು. ಕೊನೆಗೆ ಹಣ್ಣು ಮಾರುವವಳೊಬ್ಬಳು ಆಂಬುಲೆನ್ಸ್ ಕರೆಸಿದಳು.

ಆಸ್ಪತ್ರೆ ಸೇರುವಷ್ಟರಲ್ಲಿ ಆ ವಿಡಿಯೊ ಟೀಚರ್ ಮಗಳ ಫೋನಿಗೇ ಬಂದಿತ್ತು. ಅದರಲ್ಲೊಂದು ದನಿ: "ನಮ್ಮ ಟೀಚರ್ ಕಣೇ. ಸ್ವಲ್ಪ ಪಕ್ಕಕ್ಕೆ ಸರಿ, ಮುಖ ಕಾಣ್ತಿಲ್ಲ."

'ನಾಗರಿಕರ ಕರ್ತವ್ಯಗಳು' ಪ್ರಶ್ನೆಗೆ ಪೂರ್ತಿ ಅಂಕ ತೆಗೆದ ಹುಡುಗಿಯ ದನಿ ಅದು.

"ಸೊಂಟದ ಮೂಳೆ ಮುರಿದಿದ್ದು ಆಮೇಲೆ ಗೊತ್ತಾಯ್ತು. ಆ ದನಿ ಯಾರದು ಅಂತ ಮೊದ್ಲೇ ಗೊತ್ತಾಯ್ತು," ಎಂದು ಇಂದಿಗೂ ಹೇಳುತ್ತಾರೆ.

ಊರುಗೋಲಿನಲ್ಲಿ ಶಾಲೆಗೆ ಮರಳಿದವರೇ ಹುಡುಗಿಯನ್ನು ಕರೆದು ಯಾಕೆ ಎಂದು ಕೇಳಿದರು. ಅವಳು ನೆಲ ನೋಡುತ್ತ ಹೇಳಿದಳು: "ಸಹಾಯ ಮಾಡ್ಬೇಕು ಅಂತ ಬರ್ಸಿದ್ರಿ ಟೀಚರ್. ಎತ್ತೋದು ಹೇಗೆ ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಭಯ ಆಯ್ತು. ಕೈಯಲ್ಲಿ ಫೋನಿತ್ತು, ಹಿಡ್ಕೊಂಡೆ."

ಬೈಕಿನ ಏಟಿಗಿಂತ ಇದು ಆಳಕ್ಕಿಳಿಯಿತು. ಮೈದಾನದಲ್ಲಿ ಶನಿವಾರದ ಈ ಪಾಠ ಶುರುವಾದದ್ದು ಆಮೇಲೆ.

ಈ ವರ್ಷ ಗಣಿತ ಪರೀಕ್ಷೆಯ ದಿನ ಅದೇ ಹುಡುಗಿ ತಡವಾಗಿ ಬಂದಳು, ಲಂಗದ ತುಂಬ ರಕ್ತ. ಮಾರುಕಟ್ಟೆಯಲ್ಲಿ ಕೈಗಾಡಿ ಮಗುಚಿ ಹಮಾಲಿಯೊಬ್ಬನ ತೊಡೆ ಸೀಳಿತ್ತು. ಆಂಬುಲೆನ್ಸ್ ಬರುವವರೆಗೂ ಗಾಯವನ್ನು ಒತ್ತಿ ಹಿಡಿದು ಕೂತಿದ್ದಳಂತೆ. ನಿಯಮ ನಿಯಮವೇ ಎಂದು ಮುಖ್ಯೋಪಾಧ್ಯಾಯರು ಬಾಗಿಲಿಗೆ ಅಡ್ಡ ನಿಂತರು. ಎಂದೂ ದನಿ ಏರಿಸದ ಟೀಚರ್ ಅಂದು ಊರುಗೋಲನ್ನು ಹೊಸ್ತಿಲ ಮೇಲಿಟ್ಟರು: "ಇವಳನ್ನ ಒಳಗೆ ಬಿಡಿ ಸಾರ್. ಇಲ್ಲಾಂದ್ರೆ ನಾನು ಕಲ್ಸಿದ್ದೆಲ್ಲ ಸುಳ್ಳು ಅಂತ ಮಕ್ಕಳೆದುರೇ ಹೇಳ್ಬಿಡಿ."

ಮುಖ್ಯೋಪಾಧ್ಯಾಯರು ಸರಿದು ನಿಂತರು. ಆದರೂ ಹೊತ್ತು ಸಾಲದೆ ಅಂಕ ಕೈಕೊಟ್ಟಿತು. ಹುಡುಗಿಯ ತಾಯಿ ಟೀಚರ್ ಮನೆಗೇ ಬಂದು ಜಗಳವಾಡಿದಳು.

"ಅವಳಿಗೆ 'ಅಂಕ ಹೋಯ್ತಲ್ಲೇ' ಅಂದೆ," ಎಂದು ಊರುಗೋಲಿನ ತುದಿಯಿಂದ ಮಣ್ಣು ಕೆದಕುತ್ತ ಟೀಚರ್ ಹೇಳುತ್ತಾರೆ. "'ಹೋಯ್ತು ಟೀಚರ್, ಆದ್ರೆ ಆ ಮನುಷ್ಯ ಉಳ್ಕೊಂಡ್ರು' ಅಂದ್ಲು. ಆ ಮಾತು ನಾನು ಬರೆಸಿದ್ದಲ್ಲ. ಅವಳದೇ."