ದ್ಯಾಮವ್ವ ಆಡದ ಮಾತು

ಹನ್ನೊಂದು ವರ್ಷಗಳ ಹಿಂದೆ, ಸಂತೆಕಲ್ಲೂರಿನ ಗುಡ್ಡದ ಮೇಲೆ, ನಾನು ಒಬ್ಬ ಹೆಂಗಸಿನ ಮಾತನ್ನು ಕದ್ದೆ. ಅದರ ಬದಲಿಗೆ ಆಕೆ ಆಡದ ಮಾತೊಂದನ್ನು ಆಕೆಯ ಬಾಯಲ್ಲಿ ಇಟ್ಟೆ. ಆಕೆ ನನ್ನ ಎದುರಿಗೇ ನಗುತ್ತ ಕೂತಿದ್ದಳು. ನಾನಾಡುತ್ತಿದ್ದ ಇಂಗ್ಲಿಷ್ ಆಕೆಗೆ ಬರುತ್ತಿರಲಿಲ್ಲ.

ಆಕೆ ದ್ಯಾಮವ್ವ, ನನ್ನ ಓರಗೆಯವಳು. ಐದನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತವರು ನಾವು. ಪ್ರತಿ ಪರೀಕ್ಷೆಯಲ್ಲೂ ಆಕೆ ಮೊದಲು, ನಾನು ಎರಡನೆಯವಳು. ಐದು ಮುಗಿದ ಮೇಲೆ ಆಕೆಯ ಅಪ್ಪ ಕುರಿ ಕಾಯಲೆಂದು ಶಾಲೆ ಬಿಡಿಸಿದ. ಆರನೆಯದರಲ್ಲಿ ನಾನು ಮೊದಲು ಬಂದೆ. ಅವ್ವ ಸಿಹಿಯೆಂದು ಸಜ್ಜಕ ಮಾಡಿದಳು. ತಿನ್ನುವಾಗಲೇ ಗೊತ್ತಿತ್ತು — ಇದು ದ್ಯಾಮವ್ವ ಬಿಟ್ಟುಹೋದ ಜಾಗವೆಂದು. ಮುಂದೆ ಎಂ.ಎ. ಮಾಡಿದೆ, ಲಿಂಗಸುಗೂರಿನಲ್ಲಿ ಇಂಗ್ಲಿಷ್ ಟೀಚರಾದೆ, ಮನೆ ಕಟ್ಟಿಸಿದೆ. ಆದರೂ ಊರಿಗೆ ಹೋಗುವಾಗ ಆಕೆಯ ಕುರಿ ಹಿಂಡು ಬಸ್ಸಿಗೆ ಅಡ್ಡ ಬಂದರೆ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಆ ವರ್ಷ ಹೆಲೆನ್ ಎಂಬ ಅಮೆರಿಕದ ಸಂಶೋಧಕಿ ಬಂದರು. ತಮ್ಮ ದೇಶದ ಮರುಭೂಮಿಯಲ್ಲಿ ಅಪಾಚೆ ಎಂಬ ಮೂಲನಿವಾಸಿ ಜನರ ಇತಿಹಾಸ ಹುಡುಕುತ್ತ ಅರ್ಧ ಆಯುಷ್ಯ ಅಲೆದವರು. ಅಪಾಚೆಗಳು ಒಂದೇ ಕಡೆ ನೆಲೆ ನಿಲ್ಲದೆ, ಋತುಮಾನ ನೋಡಿ ಬೀಡು ಬದಲಿಸುತ್ತಿದ್ದರಂತೆ. ಅವರು ಬಿಟ್ಟುಹೋದ ಕಡೆಗಳಲ್ಲಿ ಬಯಲ ನಡುವೆ ಕಲ್ಲಿನ ಸುತ್ತುಗಳು ಮಾತ್ರ ಉಳಿದಿವೆಯಂತೆ. ನಮ್ಮ ಗುಡ್ಡದ ಮೇಲೂ ಅಂಥವೇ ಸುತ್ತುಗಳಿವೆ. ಮಸ್ಕಿಯ ಸುತ್ತಮುತ್ತ ಇಂಥವನ್ನು ಕಂಡವರೆಲ್ಲ ಹಳೆಯ ಕಾಲದ ಗೋರಿಗಳೆನ್ನುತ್ತಿದ್ದರು. ಇವೂ ಗೋರಿಗಳೋ, ಜನ ಬಾಳಿದ ಮನೆಗಳೋ — ಅದು ಹೆಲೆನ್ ಅವರ ಪ್ರಶ್ನೆ. ‘ಅಲ್ಲಿ ನನಗೆ ಕಲ್ಲುಗಳನ್ನು ಓದಿಸಿದ್ದು ಒಬ್ಬ ಅಪಾಚೆ ಅಜ್ಜಿ. ಇಲ್ಲಿಯೂ ಆ ನೆಲ ಬಲ್ಲವರು ಬೇಕು’ ಎಂದರು. ಊರವರು ದ್ಯಾಮವ್ವನನ್ನು ಕರೆತಂದರು. ಮಾತು ದಾಟಿಸಲು ನಾನಿದ್ದೆ.

ಮೊದಲ ದಿನವೇ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಕಾರಣ ಬಹಳ ಸಣ್ಣದು — ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ಹೆಲೆನ್ ಒಂದೇ ಒಂದು ಕನ್ನಡ ಪದ ಕಲಿತಿದ್ದರು. ದ್ಯಾಮವ್ವನನ್ನು ‘ಅಕ್ಕ’ ಎನ್ನುತ್ತಿದ್ದರು, ನನ್ನನ್ನು ‘ಮೇಡಂ’. ದ್ಯಾಮವ್ವನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಒಂದೇ ಬಟ್ಟೆಯ ಮೇಲಿಟ್ಟುಕೊಂಡು ಉಂಡರು. ನಾನು ಸ್ಟೀಲ್ ಡಬ್ಬಿಯ ಚಿತ್ರಾನ್ನವನ್ನು ಬೇರೆ ಕಲ್ಲಿನ ಮೇಲೆ ಕೂತು ತಿಂದೆ. ಭಾಷೆಯಿಲ್ಲದೆಯೂ ಅವರು ನಕ್ಕರು. ಏತಕ್ಕೆಂದು ಇಬ್ಬರೂ ನನಗೆ ಹೇಳಲಿಲ್ಲ.

ಮೂರನೆಯ ದಿನ ಹೆಲೆನ್ ಮರುಭೂಮಿಯ ಕಲ್ಲಿನ ಸುತ್ತಿನ ಫೋಟೋ ಒಂದನ್ನು ದ್ಯಾಮವ್ವನ ಕೈಗೆ ಕೊಟ್ಟರು. ಆಕೆ ಅದನ್ನೂ ಕಾಲ ಕೆಳಗಿನ ಸುತ್ತನ್ನೂ ನೋಡಿದಳು. ಸುತ್ತಿನೊಳಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ನನ್ನತ್ತ ತಿರುಗಿ ಹೇಳಿದಳು:

“ಇದು ಗೋರಿ ಅಲ್ಲ ಬಿಡು ಸರೋಜಿ. ಮಂದಿ ಬಾಳೇವು ಮಾಡ್ಯಾರ ಇಲ್ಲಿ. ಹಾಸಗಲ್ಲಿನ ಮ್ಯಾಲ ಗೂಟ ಇಳಿತಾವೇನು? ಅದಕ್ಕ ಕಂಬದ ಬುಡಕ್ಕ ಕಲ್ಲ ಒತ್ತ್ಯಾರ. ಕುರಿ ಹೊಡಕೊಂಡು ಹೋದಾಗ ನಾವೂ ಗುಡಾರಕ್ಕ ಹಿಂಗ ಒತ್ತತೀವಿ. ಬಾಕಲಾ ನೋಡು, ಎಲ್ಲಾ ಮೂಡಲಕ್ಕ ಅದಾವ. ಪಡುವಲ ಗಾಳಿ ಹೆಂಗ ಹೊಡಿತೈತಿ ಇಲ್ಲಿ! ಸತ್ತೋರಿಗೆ ಗಾಳಿ ಹತ್ತತೈತೇನು? ಹೇಳಾಕಿಗೆ.”

ನಾನು ಸುತ್ತಲೂ ನೋಡಿದೆ. ನಿಜ — ಕಲ್ಲುಗಳ ನಡುವಿನ ತೆರಪು ಪ್ರತಿ ಸುತ್ತಿನಲ್ಲೂ ಪೂರ್ವಕ್ಕಿತ್ತು. ಮೂರು ದಿನದಿಂದ ಹೆಲೆನ್ ಅಳತೆ ಪಟ್ಟಿ ಹಿಡಿದು ಹುಡುಕುತ್ತಿದ್ದುದನ್ನು ಈಕೆ ಕೂತಲ್ಲೇ ಹೇಳಿಬಿಟ್ಟಿದ್ದಳು. ಮತ್ತೆ ಆಕೆಯೇ ಮೊದಲು, ಮತ್ತೆ ನಾನು — ಅಷ್ಟೇ. ಅಷ್ಟೇ ನನ್ನ ತಲೆಗೆ ಬಂದದ್ದು.

‘ಏನೆಂದರು ಅಕ್ಕ?’ ಹೆಲೆನ್ ಕಣ್ಣರಳಿಸಿ ಕೇಳಿದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ‘ಈ ಸುತ್ತುಗಳು ದೆವ್ವಗಳು ರಾತ್ರಿ ತೆನೆ ತುಳಿಸುವ ಕಣಗಳಂತೆ. ಈ ಕಲ್ಲು ಮುಟ್ಟಿದರೆ ಕುರಿ ಸಾಯುತ್ತವೆ ಅನ್ನುತ್ತಾಳೆ.’

ಹೆಲೆನ್ ಅವರ ಮುಖ ಸ್ವಲ್ಪ ಇಳಿಯಿತು. ಪುಸ್ತಕದಲ್ಲಿ ಬರೆದುಕೊಂಡರು.

“ಏನಂತಾಳ? ನಾ ಹೇಳಿದ್ದು ಖರೇ ಅಂದ್ಲೇನು?” ದ್ಯಾಮವ್ವ ಕೇಳಿದಳು.

“ಹೂಂ. ಖುಷಿ ಆಗ್ಯಾಳ” ಎಂದೆ.

ಸಂಜೆ ಲಿಂಗಸುಗೂರಿಗೆ ಮರಳುವ ಜೀಪಿನಲ್ಲಿ, ಈಗ ತಾನೇ ಹೊಳೆಯಿತೆಂಬಂತೆ, ನಾನು ಹೇಳಿದೆ — ಗೂಟ, ಹಾಸುಗಲ್ಲು, ಪಶ್ಚಿಮದ ಗಾಳಿ, ಪೂರ್ವದ ಬಾಗಿಲು, ಎಲ್ಲವನ್ನೂ. ಹೆಲೆನ್ ಜೀಪು ನಿಲ್ಲಿಸಿ ನನ್ನ ಎರಡೂ ಕೈ ಹಿಡಿದುಕೊಂಡರು. ಆ ಕೈಗಳ ಬಿಸಿ ನನಗೆ ಎಷ್ಟು ಹಿತವಾಗಿತ್ತೆಂದರೆ... ಬೇಡ. ಹಿತವಾಗಿತ್ತು.

ಮುಂದೆ ಅವರ ಪುಸ್ತಕ ಬಂತು. ಕಲ್ಲಿನ ಸುತ್ತುಗಳ ಅಧ್ಯಾಯದಲ್ಲಿ ನನ್ನ ಹೆಸರು ಬಂತು. ರಾಯಚೂರಿಗೆ ಕರೆದು ಶಾಲು ಹೊದಿಸಿದರು. ದ್ಯಾಮವ್ವನ ಫೋಟೋ ಕೂಡ ಆ ಪುಸ್ತಕದಲ್ಲಿತ್ತು. ಕೆಳಗೆ ಬರೆದಿತ್ತು: ‘ಈ ಕಲ್ಲುಗಳಲ್ಲಿ ದೆವ್ವಗಳಿವೆಯೆಂದು ನಂಬಿರುವ ಸ್ಥಳೀಯ ಕುರಿಗಾಹಿ ಮಹಿಳೆ.’

ಆ ಪುಟವನ್ನು ನಾನು ಮನೆಯಲ್ಲಿ ಮತ್ತೆಂದೂ ತೆರೆಯಲಿಲ್ಲ. ಆದರೆ ಸಿಂಧನೂರಿನ ಕಾಲೇಜೊಂದರಲ್ಲಿ ಯಾರೋ ಮೇಷ್ಟ್ರು ತರಗತಿಯಲ್ಲಿ ತೆರೆದರು. ಅಲ್ಲಿ ದ್ಯಾಮವ್ವನ ಮಗಳು ರೇಣುಕಾ ಕೂತಿದ್ದಳು. ತಾಯಿಯ ಮುಖ ನೋಡಿ ಹಿಗ್ಗಿ, ‘ನಮ್ಮವ್ವರೀ’ ಎಂದು ಎದ್ದು ನಿಂತಳಂತೆ. ಆಮೇಲೆ ಮೇಷ್ಟ್ರು ಕೆಳಗಿನ ಸಾಲು ಓದಿದರು. ಇಡೀ ತರಗತಿ ನಕ್ಕಿತಂತೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ತಾಯಿ-ಮಗಳು ನನ್ನ ಮನೆಗೆ ಬಂದರು. ದ್ಯಾಮವ್ವ ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ನೆಲದ ಮೇಲೆ ಕೂತಳು.

“ಸರೋಜಿ, ನಾ ಅವತ್ತ ದೆವ್ವಿನ ಮಾತ ಆಡಿದ್ನೇನ? ಈಕಿ ನನ್ನ ಮ್ಯಾಲ ಸಿಟ್ಟಾಗ್ಯಾಳ. ನನಗ ಹಂಗ ನೆನಪಿಲ್ಲ. ನೀ ಇದ್ದೆಲ್ಲ, ನೀನ ಹೇಳು.”

ಅದು ದೇವರು ನನಗೆ ಕೊಟ್ಟ... ದೇವರನ್ನು ಯಾಕೆ ಎಳೆಯಲಿ. ದ್ಯಾಮವ್ವ ಕೊಟ್ಟ ಅವಕಾಶ ಅದು. ಗೋಡೆಯ ಮೇಲೆ ಶಾಲು ಹೊದಿಸಿಕೊಂಡ ನನ್ನ ಫೋಟೋ ಇತ್ತು. ಅದರ ಕೆಳಗೆ ಕೂತು ಹೇಳಿದೆ: “ಅಂದಿದ್ದಿ ದ್ಯಾಮಿ. ನೀನ ಹಂಗಂದಿದ್ದಿ.”

 “ಅಂದಿರಬೇಕ ಬಿಡು” ಎಂದು ಆಕೆ ಮಗಳ ಕಡೆ ತಿರುಗಿದಳು. “ಓದಿದಾಕಿ, ಆಕಿಗ್ಯಾಕ ಸುಳ್ಳ ಬೇಕು? ನನಗ ತಿಳಿಯಂಗಿಲ್ಲ.”

ಮೊದಲನೆಯ ತಪ್ಪಿಗಿಂತ ಇದು ದೊಡ್ಡದು. ಮೊದಲು ಕದ್ದದ್ದು ಒಂದು ಮಾತನ್ನು. ಆ ದಿನ ಕದ್ದದ್ದು — ತನ್ನ ನೆನಪಿನ ಮೇಲೆ ಆಕೆಗಿದ್ದ ನಂಬಿಕೆಯನ್ನು. ಆಮೇಲೆ ಗುಡ್ಡ ನೋಡಲು ಕಾಲೇಜು ಹುಡುಗರು ಬಂದರೆ ದ್ಯಾಮವ್ವ ಜೊತೆಗೆ ಹೋಗುತ್ತಿರಲಿಲ್ಲ. “ನನಗೇನೂ ತಿಳಿಯಂಗಿಲ್ಲ, ಲಿಂಗಸುಗೂರಾಗ ಟೀಚರ್ ಅದಾರ, ಅವರನ್ನ ಕೇಳ್ರಿ” ಎಂದು ನನ್ನ ಹತ್ತಿರ ಕಳಿಸುತ್ತಿದ್ದಳು. ಅವರು ಬಂದು ಈ ಮಾತು ಹೇಳಿದಾಗ ನಾನು ಚಹಾ ಕೊಟ್ಟು, ಮೂಡಲ ಬಾಗಿಲಿನ ಕಥೆ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ, ನಡುವೆ ಒಂದು ದಿನ, ನಾಲಿಗೆ ನಿಂತುಹೋಯಿತು. ‘ಸತ್ತವರಿಗೆ ಗಾಳಿ ತಾಗುತ್ತದೆಯೇ’ ಎಂದು ನಾನು ಕೇಳುತ್ತಿದ್ದೆ. ಕೇಳುತ್ತಿದ್ದುದು ಅವಳ ದನಿಯಲ್ಲಿ.

ಮೊನ್ನೆ ಹೆಲೆನ್ ಪತ್ರ ಬರೆದಿದ್ದರು. ಪುಸ್ತಕ ಮತ್ತೆ ಅಚ್ಚಾಗುತ್ತಿದೆ, ತಿದ್ದುವುದೇನಾದರೂ ಇದೆಯೇ ಎಂದು. ಉತ್ತರ ಬರೆದು, ಕಳಿಸುವ ಮೊದಲು ಅದನ್ನು ಹಿಡಿದುಕೊಂಡು ದ್ಯಾಮವ್ವ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ ಹೊಲಕ್ಕೆ ಹೋದೆ. ರಜೆಗೆಂದು ಬಂದ ರೇಣುಕಾ ಅಲ್ಲಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ದ್ಯಾಮವ್ವ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯೆತ್ತಲೂ ಇಲ್ಲ.

“ಯಾಕ ಹಂಗ ಮಾಡಿದಿ?” ಎಂದಳು ಕಡೆಗೆ.

“ಹೊಟ್ಟಿಕಿಚ್ಚು” ಎಂದೆ.

“ನನ್ನ ಮ್ಯಾಲ?” ಆಕೆಗೆ ನಿಜಕ್ಕೂ ಅಚ್ಚರಿಯಾಗಿತ್ತು. “ನನ್ನ ಹಂತ್ಯಾಕ ಏನೈತಿ?”

ನಾನು ಪತ್ರ ಮುಂದೆ ಚಾಚಿದೆ. ರೇಣುಕಾ ಅದನ್ನು ಇಸಿದುಕೊಂಡು ಓದತೊಡಗಿದಳು. ಇಂಗ್ಲಿಷನ್ನು ತಡೆಯಿಲ್ಲದೆ, ನನಗಿಂತ ಚೆನ್ನಾಗಿ ಓದಿದಳು. ಆಗಲೂ — ಆಗಲೂ ಕೂಡ — ನನ್ನೊಳಗೆ ಏನೋ ಚುಚ್ಚಿತು. ಒಂದು ಕಡೆ ಆಕೆಯ ಬೆರಳು ನಿಂತಿತು.

“ಇಲ್ಲಿ ‘ತಪ್ಪು ತಿಳಿವಳಿಕೆಯಿಂದ’ ಅಂತ ಬರದೀರಿ ಟೀಚರ್. ನಿಮಗ ತಿಳದಿತ್ತಲ್ರೀ?”

ಹೌದು, ತಿಳಿದಿತ್ತು. ಪೆನ್ನು ತೆಗೆದು, ಆಕೆ ನೋಡುತ್ತಿದ್ದಂತೆಯೇ, ಆ ಮಾತನ್ನು ಹೊಡೆದುಹಾಕಿದೆ. ಅದರ ಮೇಲೆ ‘ನಾನು ಸುಳ್ಳು ಹೇಳಿದೆ’ ಎಂದು ಬರೆದೆ. ಹಾಗೆಯೇ ಕಳಿಸಿದ್ದೇನೆ.