ತಾಂಡೂರಿನ ಮನೆಯ ಕೀಲಿ

ತೆಲುಗು ನಾಡಿನ ತಾಂಡೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಗೆ ಮೂರು ಕೋಣೆ, ಮುಂದೆ ಒಂದು ಕಟ್ಟೆ. ನೆಲಕ್ಕೆ ಇದೇ ಊರಿನ ಕಲ್ಲು. ಬೇಸಿಗೆಯಲ್ಲಿ ಬರಿಗಾಲಿಟ್ಟರೆ ತಂಪು. ನನ್ನ ಮನೆಯವರು ಕರಣಕೋಟದ ಸಿಮೆಂಟು ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಾರೆ. ಅತ್ತೆ ಮನೂರಿನ ಕಡೆಯ ನಮ್ಮ ಕನ್ನಡ ಮಾತಿನ ಹಳ್ಳಿಯಲ್ಲಿದ್ದ ಕುರಿಗಳನ್ನು ಮೈದುನನಿಗೆ ಒಪ್ಪಿಸಿ ನಮ್ಮ ಜೊತೆ ಇರಲು ಬಂದವರು. ನಾನು ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಹೊಲಿಸುವ ಹೆಂಗಸರು ನನ್ನ ಹೆಸರು ಕೇಳಿಕೊಂಡು ಬರುವುದಿಲ್ಲ, ಬಾಗಿಲು ನೋಡಿ ಬರುತ್ತಾರೆ. ಆ ಬಾಗಿಲು ಬಿಟ್ಟು ಇನ್ನೊಂದು ಗಲ್ಲಿಗೆ ಹೋದರೆ ಹೊಲಿಗೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದು ನನಗೆ ಗೊತ್ತಿತ್ತು.

ಮಧ್ಯಾಹ್ನದ ಹೊತ್ತು. ನಾನು ಒಂದು ತೋಳಿಗೆ ಹೊಲಿಗೆ ಹಾಕುತ್ತಿದ್ದೆ. ಹೊರಗೆ ಯಾರೋ ಗೋಡೆಗೆ ಕಾಗದ ಅಂಟಿಸುವ ಸದ್ದು ಕೇಳಿತು. ಚುನಾವಣೆಯದು ಏನೋ ಇರಬೇಕೆಂದು ಎದ್ದು ಬಂದೆ. ಇಬ್ಬರು ನಿಂತಿದ್ದರು. ಒಬ್ಬ ಅಂಟು ಸವರುತ್ತಿದ್ದ, ಇನ್ನೊಬ್ಬರು ಫೋನಿನಲ್ಲಿ ಬಾಗಿಲಿನ ಫೋಟೋ ತೆಗೆಯುತ್ತಿದ್ದರು. ಫೋನು ಹಿಡಿದವರು ತೆಲುಗಿನಲ್ಲಿ ಹೇಳಿದ್ದು ಇಷ್ಟು: ಈ ಮನೆಯ ಮೇಲೆ ಸಾಲ ಇದೆ, ಅದು ತೀರಿಲ್ಲ, ಇವತ್ತಿನಿಂದ ಮನೆ ಬ್ಯಾಂಕಿನ ಸ್ವಾಧೀನ. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೂ ಸ್ವಾಧೀನ ಎಂಬ ಮಾತಿನ ಆಚೆಗೆ ಏನೂ ಕಿವಿಗೆ ಬೀಳಲಿಲ್ಲ. ಮಾಲೀಕರು ನಮಗೆ ಒಂದು ಮಾತೂ ಹೇಳಿರಲಿಲ್ಲ.

ಒಳಗಿನಿಂದ ಅತ್ತೆ, ಯಾರು ಬಂದಾರೆಂದು ಕೇಳುತ್ತ ಹೊರಗೆ ಬಂದರು. ಕನ್ನಡ ಕಿವಿಗೆ ಬಿದ್ದದ್ದೇ ಫೋನು ಹಿಡಿದಿದ್ದ ಬ್ಯಾಂಕಿನ ಸಾಹೇಬರ ಮುಖ ಅರಳಿತು. ಅವರು ಮೈಸೂರಿನ ಕಡೆಯವರಂತೆ. ಇಲ್ಲಿಗೆ ವರ್ಗವಾಗಿ ಬಂದ ಮೇಲೆ ತಮ್ಮ ಭಾಷೆಯಲ್ಲಿ ಮಾತಾಡುವವರು ಸಿಕ್ಕಿದ್ದೇ ಅಪರೂಪ ಎಂದರು. ಅತ್ತೆಯ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು:

"ಅಜ್ಜಿ, ಮನೆ ಕೀಲಿ ಕೊಟ್ಟುಬಿಡಿ. ನೀವಾಗೇ ಕೊಟ್ಟರು ಅಂತ ಬರೆದುಕೊಳ್ತೀನಿ, ಮುಂದೆ ನಿಮಗೆ ತೊಂದರೆ ಇರಲ್ಲ."

ಅತ್ತೆ ನನ್ನ ಮುಖ ನೋಡಿದರು. ಅವರು ಬಾಗಿಲ ಚಿಲಕಕ್ಕೆ ತೂಗಿಬಿದ್ದಿದ್ದ ಹಿತ್ತಾಳೆಯದನ್ನು ತೆಗೆದು ಸಾಹೇಬರ ಕೈಗಿಟ್ಟರು.

ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಬೀಗ. ನಾನು ಕೇಳಿದ್ದು ಕೀಲಿ."

"ಕೀಲಿನೇ ಕೊಟ್ಟೀನಲ್ರಿ."

"ಅಲ್ಲ ಅಜ್ಜಿ, ಕೀಲಿ, ಕೀಲಿ. ತೆಗೆಯೋದು."

"ತೆಗಿಯೋದು ಚಾವಿ ರೀ. ಚಾವಿ ಬೇಕಿದ್ರ ಚಾವಿ ಅನ್ನಬೇಕು. ಕೀಲಿ ಅಂದ್ರಿ, ಕೀಲಿ ಕೊಟ್ಟೆ. ಇನ್ನೇನ್ ಬಾಗಿಲಾ ಕಿತ್ತಿ ಕೊಡ್ಲಿ?"

ಅಂಟು ಸವರುತ್ತಿದ್ದವನಿಗೆ ಕನ್ನಡ ಬಾರದು, ಅವನೂ ನಕ್ಕ. ಸಾಹೇಬರೂ ನಗುತ್ತಲೇ ಕೈಯಲ್ಲಿದ್ದುದನ್ನು ಇನ್ನೊಮ್ಮೆ ನೋಡಿ, ಇದು ಯಾರದೆಂದು ಕೇಳಿದರು. ನಮ್ಮದೇ ಎಂದರು ಅತ್ತೆ. ನಮ್ಮ ಕಡೆ ಮನೆ ಬಾಡಿಗೆಗೆ ಹಿಡಿದವರು ಕೀಲಿಯನ್ನು ತಾವೇ ತರುತ್ತಾರೆ, ಮಾಲೀಕರು ಬರೀ ಬಾಗಿಲು ತೋರಿಸಿ ಹೋಗುತ್ತಾರೆ. ಹೋದ ವರ್ಷ ಯುಗಾದಿಗೆ ಮುಂಚೆ ಮನೆ ಹೊಕ್ಕಾಗ ಗಾಂಧಿ ಚೌಕದ ಅಂಗಡಿಯಲ್ಲಿ ಕೊಂಡಿದ್ದೆವು ಎಂಬುದನ್ನೂ ಅತ್ತೆ ಹೇಳಿದರು.

ಸಾಹೇಬರ ನಗು ನಿಂತಿತು. ಅವರು ಅತ್ತೆಯನ್ನು ಮಾಲೀಕರ ತಾಯಿ ಎಂದುಕೊಂಡಿದ್ದರಂತೆ. ಈ ಮನೆಯಲ್ಲಿ ಮಾಲೀಕರೇ ಇದ್ದಾರೆಂದು ಅವರ ಬಳಿ ದಾಖಲಾಗಿತ್ತು. ಅವರು ಬೀಗವನ್ನು ಅತ್ತೆಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು.

"ನೀವು ಬಾಡಿಗೆಯವರಾ? ಹಾಗಾದ್ರೆ ಇವತ್ತು ನನಗೆ ಏನೂ ಕೊಡಬೇಡಿ ಅಮ್ಮ. ಯಾರು ಬಂದು ಕೇಳಿದರೂ ಕೊಡಬೇಡಿ. ಕೊಟ್ಟರೆ ನೀವಾಗೇ ಬಿಟ್ಟು ಹೋದಂತೆ ಆಗುತ್ತೆ."

ಅಂಟಿಸಿದ ಕಾಗದದಿಂದ ಮನೆ ಹೆಸರಿಗಷ್ಟೇ ಬ್ಯಾಂಕಿನದಾಗಿದೆ, ಒಳಗಿರುವವರನ್ನು ಎಬ್ಬಿಸಲು ಜಿಲ್ಲಾಧಿಕಾರಿಯ ಇಲ್ಲವೇ ಕೋರ್ಟಿನ ಆದೇಶ ಬೇಕು ಎಂದು ಅವರು ನಿಧಾನವಾಗಿ ತಿಳಿಸಿದರು. ನೀವು ಇಲ್ಲಿ ಇರುವುದನ್ನು ಬರೆದು ಬ್ಯಾಂಕಿಗೆ ಕೊಡಿ, ಒಬ್ಬ ವಕೀಲರನ್ನು ಕಾಣಿ ಎಂದೂ ಹೇಳಿದರು. ಅವರು ಹೋದ ಮೇಲೆ ನಾನು ಕಟ್ಟೆಯ ಮೇಲೆ ಕೂತೆ. ಚಾವಿಯ ಗೊಂಚಲು ಅಷ್ಟು ಹೊತ್ತೂ ನನ್ನ ಸೊಂಟದಲ್ಲೇ ಇತ್ತು. ಚಾವಿ ಎಂದು ಕೇಳಿದ್ದರೆ ನಾನೇ ತೆಗೆದು ಕೊಟ್ಟಿರುತ್ತಿದ್ದೆ.

ತಾಂಡೂರಿನ ಕೋರ್ಟಿನ ಎದುರಿಗೆ ಕೂರುವ ವಕೀಲರು ಹೆಂಗಸು. ನಮ್ಮ ಮಾತನ್ನು ಪೂರ್ತಿ ಕೇಳಿದರು. ಸಾಲಕ್ಕಿಂತ ಮೊದಲೇ ಬಾಡಿಗೆಗೆ ಬಂದಿದ್ದರೆ ನಮ್ಮ ಹಕ್ಕು ಗಟ್ಟಿ, ಸಾಲವಾದ ಮೇಲೆ ಬಂದಿದ್ದರೆ ತೆಳ್ಳಗೆ ಎಂದರು. ತೆಳ್ಳಗಾದರೂ ಕೈಬಿಡಬಾರದು, ಯಾವಾಗಿನಿಂದ ಇದ್ದೇವೆಂದು ತೋರಿಸಿ ಕಾಲಾವಕಾಶ ಕೇಳಬೇಕು. ಓದದೆ ಯಾವುದಕ್ಕೂ ಸಹಿ ಹಾಕಬಾರದು. ಹೊಸ ಮಾಲೀಕ ನಾನೇ ಎಂದು ಯಾರಾದರೂ ಬಂದರೆ ಪುರಾವೆ ನೋಡದೆ ಬಾಡಿಗೆ ಕೊಡಬಾರದು. ಮನೆ ಹಿಡಿಯುವಾಗ ಮುಂಗಡವಾಗಿ ಕೊಟ್ಟ ಹಣ ಬ್ಯಾಂಕಿನಿಂದ ಬರುವುದಿಲ್ಲವಾದ್ದರಿಂದ, ಅದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಮಾಲೀಕರಿಂದ ಈಗಲೇ ಬರೆಸಿಕೊಳ್ಳಬೇಕು.

ಮಾಲೀಕರು ನಾರಾಯಣಖೇಡದಲ್ಲಿ, ಹೆಂಡತಿಯ ತವರಿನಲ್ಲಿ ಇದ್ದರು. ಅವರನ್ನು ಕಾಣಲು ನಾನೂ ನನ್ನ ಮನೆಯವರೂ ಜಹೀರಾಬಾದಿನ ಮೇಲಿಂದ ಬಸ್ಸು ಬದಲಿಸಿ ಹೋದೆವು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಬಾಗಿಲಲ್ಲಿ ನಮ್ಮನ್ನು ಕಂಡು ತಲೆ ಕೆಳಗೆ ಹಾಕಿದರು, ಚಹಾ ಮಾಡಿಸಿದರು. ಬೈಯುವುದನ್ನು ಬಿಟ್ಟು ನಾನು ಮುಂಗಡದ ಮಾತು ತೆಗೆದೆ. ಅದಕ್ಕೆ ಅವರು ಕೂಡಲೇ ಒಪ್ಪಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಅಕ್ಕಾ, ಹಳೇ ತಾರೀಖಿನ ಬಾಂಡ್ ಪೇಪರ್ ತರಸ್ತೀನಿ. ಸಾಲಾ ಮಾಡೋಕಿನ್ನ ಮೊದಲೇ ನೀವು ಬಂದೀರಿ ಅಂತ ಬರದ್ ಕೊಡ್ತೀನಿ. ನಿಮ್ಮನ್ನ ಯಾರೂ ಎಬ್ಬಸಂಗಿಲ್ಲ."

ನನ್ನ ಮನೆಯವರು ಚಹಾದ ಲೋಟ ಕೆಳಗಿಟ್ಟರು. ಅವರಿಗೆ ಮನಸ್ಸಿತ್ತು, ನನಗೂ ಇಲ್ಲದೆ ಇರಲಿಲ್ಲ. ಒಂದು ಸಹಿ ಬಿದ್ದರೆ ಮುಂದಿನ ಕೋಣೆ, ಯಂತ್ರ, ಬಾಗಿಲು ಎಲ್ಲ ನಿಂತಲ್ಲೇ ನಿಲ್ಲುತ್ತವೆ. ಆದರೆ ನಾವು ಬಂದದ್ದು ಸಾಲವಾದ ಮೇಲೆ. ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವಳು ನಾನು. ಆ ಹಳೆಯ ತಾರೀಖನ್ನು ಬಾಯಲ್ಲೇ ಹೇಳಿ ನೋಡಿಕೊಂಡೆ, ನಾಲಗೆ ಹೊರಳಲಿಲ್ಲ.

"ಬ್ಯಾಡ ಅಣ್ಣಾ," ಎಂದೆ. "ಬಂದಾಗಿಂದೇ ಬರದ್ ಕೊಡ್ರಿ."

"ಇವಳದು ಒಂದು ನಮೂನಿ," ಎಂದರು ನನ್ನ ಮನೆಯವರು. ಆಮೇಲೆ ಅವರೇ ನಕ್ಕರು. "ಬರೀರಿ ಅಣ್ಣಾ, ಖರೇನೇ ಬರೀರಿ. ನಮ್ಮವ್ವ ಆ ಸಾಹೇಬಗ ಯುಗಾದಿ ಹಬ್ಬನೂ ಬಿಡದ ಎಲ್ಲಾ ಹೇಳಿ ಮುಗಿಸ್ಯಾಳ."

ಇದ್ದದ್ದನ್ನು ಇದ್ದ ಹಾಗೆ ಬರೆಸಿಕೊಂಡೆವು. ವಕೀಲರು ಅದರ ಜೊತೆ ಗ್ಯಾಸಿನ ಪುಸ್ತಕದ ಪ್ರತಿಯನ್ನೂ ಫೋನಿನಿಂದ ಬಾಡಿಗೆ ಕಳಿಸಿದ ವಿವರವನ್ನೂ ಸೇರಿಸಿ ಬ್ಯಾಂಕಿಗೆ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದರು. ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನಾನು ಹೊಲಿದೆ. ಊರಿಗೆ ಹೋಗುವುದಿದ್ದರೆ ಮೂವರೂ ಒಟ್ಟಿಗೆ ಹೋಗಲಿಲ್ಲ, ಒಬ್ಬರು ಮನೆಯಲ್ಲೇ ಉಳಿಯುತ್ತಿದ್ದರು. ಗೋಡೆಯ ಕಾಗದ ನೋಡಿದ ಗಿರಾಕಿಗಳು ಏನೆಂದು ಕೇಳಿದರೆ, ಇದ್ದದ್ದು ಹೇಳಿದೆ. ಒಬ್ಬಿಬ್ಬರು ಬಟ್ಟೆ ವಾಪಸು ಒಯ್ದರು. ಉಳಿದವರು, ಮನೆ ಯಾರದಾದರೇನು, ತೋಳು ಸರಿ ಕೂಡಿಸಿದರೆ ಸಾಕು ಎಂದರು.

ಮನೆ ಹರಾಜಾಯಿತು. ಒಳಗೆ ಬಾಡಿಗೆಯವರು ಇದ್ದಾರೆಂದು ಮೈಸೂರಿನ ಸಾಹೇಬರು ಹರಾಜಿನ ಪ್ರಕಟಣೆಯಲ್ಲೇ ಬರೆಸಿದ್ದರು. ಕೊಂಡವರು ಜಹೀರಾಬಾದಿನಲ್ಲಿ ಪಾತ್ರೆ ಅಂಗಡಿ ಇಟ್ಟವರು. ಅವರು ಎಲ್ಲ ತಿಳಿದುಕೊಂಡೇ ನೋಡಲು ಬಂದರು. ಬ್ಯಾಂಕಿನ ಪತ್ರ ತೋರಿಸಿರಿ ಎಂದು ನಾನು ಕೇಳಿದಾಗ ಸಿಟ್ಟಾಗಲಿಲ್ಲ, ಚೀಲದಿಂದ ತೆಗೆದು ತೋರಿಸಿದರು. ತಮಗೆ ಇಲ್ಲಿ ಬಂದು ಇರುವ ಯೋಚನೆ ಸದ್ಯಕ್ಕಿಲ್ಲ, ಮನೆ ಖಾಲಿ ಬಿದ್ದು ಹಾಳಾಗುವುದಕ್ಕಿಂತ ನೀವೇ ಇರಿ ಎಂದರು. ಈ ಸಲ ಬಾಯಿಮಾತು ಬೇಡವೆಂದೆ. ಅವರೂ ಬೇಡವೆಂದರು.

ವಕೀಲರ ಮೇಜಿನ ಮುಂದೆ ಕೂತು ಕರಾರನ್ನು ಓದಿಸಿಕೊಂಡೆವು. ಅದು ತೆಲುಗಿನಲ್ಲಿತ್ತು. ನಾನು ಅತ್ತೆಗೆ ಒಂದೊಂದೇ ಮಾತು ನಮ್ಮ ಭಾಷೆಯಲ್ಲಿ ಹೇಳುತ್ತ ಹೋದೆ. ಮಾಲೀಕರಿಗೆ ಮನೆ ಬೇಕಾದರೆ ಮೂರು ತಿಂಗಳು ಮೊದಲು ತಿಳಿಸಬೇಕು ಎಂಬಲ್ಲಿ ಅತ್ತೆ ಕೈ ಎತ್ತಿ ತಡೆದರು.

"ಬಿಡು ಅಂದ್ರ ಬಿಡಬೇಕೇನ ಹಂಗಾರ?"

"ಬಿಡಬೇಕ್ ಅತ್ತಿ. ಆದ್ರ ಮೂರು ತಿಂಗಳ ಮೊದಲು ಹೇಳಬೇಕು ಅವರು."

ಅತ್ತೆ ಬೆರಳು ಮಡಚಿ ಎಣಿಸಿದರು. "ಮೂರು ತಿಂಗಳನ್ಯಾಗ ಮಂದಿ ಗಂಡು ನೋಡಿ ಲಗ್ನಾನೇ ಮಾಡಿ ಮುಗಸ್ತಾರ. ಸಾಕ್, ಹಾಕು ಸಹಿ."

ನಾನು ಕೊನೆಯ ಸಾಲಿನವರೆಗೂ ಓದಿಸಿಕೊಂಡೆ. ಆಮೇಲೆ ಸಹಿ ಹಾಕಿದೆ.