ಖಾಲಿ ಗಾಡಿಯಲ್ಲಿ ಕೇಳದ ಸದ್ದು

ಭಾರತಿ ಟೀಚರ್ ಕಾರು ಟಕ್ ಟಕ್ ಎನ್ನತೊಡಗಿದ್ದು ದೀಪಾವಳಿ ರಜೆ ಮುಗಿದ ಮೇಲೆ. ಸಂತೆಕಲ್ಲೂರಿನ ಶಾಲೆ ಬಿಟ್ಟು ಮಸ್ಕಿಯ ಮನೆಗೆ ಬರುವಾಗ, ನಿಂತ ಗಾಡಿ ಮುಂದಕ್ಕೆ ಎಳೆದ ಕೂಡಲೇ ಬಾನೆಟ್ಟಿನೊಳಗೆ ಯಾರೋ ಗುದ್ದಿದ ಹಾಗೆ ಸದ್ದು. ಏರು ಬಂದರೆ ಇನ್ನೂ ಜೋರು. ಬೆಳಿಗ್ಗೆ ಹೋಗುವಾಗ ಮಾತ್ರ ಅದೇ ಗಾಡಿ ಬಾಯಿ ಬಿಡುತ್ತಿರಲಿಲ್ಲ.

ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಗಂಡ ಹುಲಿಗೇಶ ಭಾನುವಾರ ಗಾಡಿಯನ್ನು ಊರ ಹೊರಗಿನ ತನಕ ಓಡಿಸಿ ತಂದು ಕೀಲಿಯನ್ನು ಟಿವಿಯ ಪಕ್ಕ ಇಟ್ಟ.

"ಏನೂ ಇಲ್ಲ ಅದರಾಗ. ನೀ ಕ್ಲಚ್ ನೆಟ್ಟಗ ಬಿಡಾಂಗಿಲ್ಲ, ಅದಕ್ಕ ಹಂಗ."

ಭಾರತಿಗೆ ಮೈ ಉರಿಯಿತು. ವರ್ಷಗಟ್ಟಲೆ ಷೇರ್ ಆಟೋದಲ್ಲಿ ಅರ್ಧ ಕುಳಿತು ಅರ್ಧ ಜೋತುಬಿದ್ದು ಶಾಲೆಗೆ ಹೋಗಿಬಂದವಳು ಆಕೆ. ನಲವತ್ತು ದಾಟಿದ ಮೇಲೆ, ಓಣಿಯವರೆಲ್ಲ ನಗುವಾಗಲೂ ಹಟ ಹಿಡಿದು ಡ್ರೈವಿಂಗ್ ಕಲಿತು, ಹಳೆಯದಾದರೂ ತನ್ನದೇ ಆದ ಈ ಗಾಡಿ ತಂದಿದ್ದಳು. ಮುಂದೆ ಗಾಜಿನ ಬಳಿ ಪುಟ್ಟ ಬುದ್ಧನನ್ನು ಅಂಟಿಸಿದ್ದಳು. ಆ ಬುದ್ಧ ನಕ್ಕಷ್ಟು ಸಮಾಧಾನ ಈಗ ಆಕೆಗಿರಲಿಲ್ಲ.

ಗ್ಯಾರೇಜುಗಳ ಸುತ್ತಾಟ ಶುರುವಾಯಿತು. ಮಸ್ಕಿಯಲ್ಲಿ ರಹಿಮಾನ್ ಆಯಿಲ್ ಬದಲಿಸಿದ, ಪ್ಲಗ್ ಬದಲಿಸಿದ, ಬೆಲ್ಟ್ ಬಿಗಿದ. ಲಿಂಗಸುಗೂರಿನವನು ಬಾನೆಟ್ಟಿನೊಳಗೆ ತಲೆ ತೂರಿಸಿ, ಇಂಜಿನ್ ಗಡಿಯಾರದ ಹಾಗಿದೆ ಎಂದ. ಸಿಂಧನೂರಿನ ದೊಡ್ಡ ಗ್ಯಾರೇಜಿನಲ್ಲಿ ಆಕೆಗೆ ಫ್ಯಾನಿನ ಕೆಳಗೊಂದು ಕುರ್ಚಿ ಸಿಕ್ಕಿತು, ಅಷ್ಟೇ. ಎಲ್ಲ ಕಡೆಯೂ ಒಂದೇ ಕತೆ. ಆಕೆಯನ್ನು ಇಳಿಸುವುದು, ಗಂಡನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಸುತ್ತು ಹೊಡೆಯುವುದು, ಬಂದು ಸದ್ದೇ ಇಲ್ಲ ಎನ್ನುವುದು. ಓಡಿಸುವವಳು ಆಕೆ, ಪ್ರಶ್ನೆ ಮಾತ್ರ ಗಂಡನಿಗೆ.

"ಸರ್, ಯಾವಾಗ ಬರ್ತೈತ್ರಿ ಸದ್ದು?"

ಹುಲಿಗೇಶ ಹೆಂಡತಿಯ ಕಡೆ ತಿರುಗುತ್ತಿದ್ದ. "ಯಾವಾಗ ಅಂದಿ?"

"ಸಂಜಿ ಮುಂದ," ಎಂದಳು ಭಾರತಿ.

ಸಿಂಧನೂರಿನವನು ನಕ್ಕುಬಿಟ್ಟ. "ಸಂಜಿ ಆದ್ರ ಗಾಡಿಗೂ ಬ್ಯಾಸರ ಬರ್ತೈತೇನೋ ಬಿಡ್ರಿ ಸರ್."

ಆ ನಗುವಿಗೆ ತಿರುಗಿಸಿ ಕೊಡಲು ಆಕೆಯ ಹತ್ತಿರ ಉತ್ತರವಿತ್ತು. ಆದರೆ ಅದನ್ನು ಗಂಡನೆದುರು ಆಡುವಂತಿರಲಿಲ್ಲ.

ಸಂತೆಕಲ್ಲೂರಿನಲ್ಲಿ ಸಂಜೆಯ ಬಸ್ಸನ್ನು ನಂಬಿ ನಿಂತವರು ದೇವರನ್ನೂ ನಂಬಬಹುದು. ಶಾಲೆಯ ಬಿಸಿಯೂಟದ ಅಡುಗೆಯ ಕಲ್ಯಾಣಮ್ಮ, ಮೊಟ್ಟೆ ಮಾರಲು ಬುಟ್ಟಿ ಹೊತ್ತ ವೀರಭದ್ರಮ್ಮ, ಮಸ್ಕಿಯ ದವಾಖಾನೆಗೆ ಹೊರಟ ಸರ್ದಾರಬಿ, ದಿನವೂ ಯಾರಾದರೂ ಕ್ರಾಸಿನಲ್ಲಿ ಇದ್ದೇ ಇರುತ್ತಿದ್ದರು. ಖಾಲಿ ಗಾಡಿ ಓಡಿಸಿಕೊಂಡು ಅವರ ಮುಖಕ್ಕೆ ಧೂಳೆಬ್ಬಿಸಿ ಹೋದರೆ ಆಮೇಲೆ ಆ ಊರಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ. ಭಾರತಿ ಮೊದಲ ವಾರವೇ ಬ್ರೇಕ್ ಒತ್ತಿದ್ದಳು. ಈಗ ಸಂಜೆ ಗಾಡಿ ತುಂಬಿಯೇ ಬರುತ್ತಿತ್ತು.

ಆದರೆ ಗಾಡಿ ತರುವಾಗ ಹುಲಿಗೇಶ ಹಾಕಿದ್ದ ಕರಾರು ಒಂದೇ ಒಂದು. "ಗಾಡೀನ ಆಟೋ ಮಾಡಬ್ಯಾಡ." ಆಕೆ ಆಗಲೆಂದು ತಲೆಯಾಡಿಸಿದ್ದಳು. ಹಾಗಾಗಿ ಎಲ್ಲರನ್ನೂ ಬಸ್ ಸ್ಟ್ಯಾಂಡಿನಲ್ಲೇ ಇಳಿಸಿ, ಸೀಟು ಜಾಡಿಸಿ, ಏನೂ ಅರಿಯದವಳಂತೆ ಓಣಿಗೆ ಬರುತ್ತಿದ್ದಳು. ಎಷ್ಟು ಮಂದಿ ಕೂಡ್ತೀರಿ ಎಂದು ರಹಿಮಾನ್ ಒಮ್ಮೆ ಕೇಳಿದಾಗ, "ಒಬ್ಬಾಕಿನ" ಎಂದು ಉತ್ತರ ಕೊಟ್ಟವನು ಹುಲಿಗೇಶ. ಆಕೆ ನೆಲ ನೋಡಿದ್ದಳು. ಸದ್ದಿನ ಗುಟ್ಟು ಅಲ್ಲಿಯೇ ಇದೆ ಎಂದು ಆ ಗಳಿಗೆಯಲ್ಲೇ ಹೊಳೆದಿತ್ತು. ಹೇಳಿದರೆ ಕೀಲಿ ಹೋಗುತ್ತದೆ, ಹೇಳದಿದ್ದರೆ ಗಾಡಿಯೇ ಹೋಗುತ್ತದೆ. ಗಂಡನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಆಕೆಗೆ ಹೆಚ್ಚಾಗಿತ್ತು.

ಕೊನೆಗೆ ಹುಲಿಗೇಶ ತೀರ್ಮಾನ ಹೇಳಿದ. "ಗಾಡಿ ಮಾರಿಬಿಡೂನು. ಗೊರೇಬಾಳದ ಗೋಪಣ್ಣ ಐತವಾರ ಬಂದು ಒಯ್ತಾನ. ಈ ರಗಳೆ ಸಾಕು. ನೀ ಆಟೋಕ್ಕ ಹೋಗು, ಮೊದಲು ಹೋಗ್ತಿದ್ದಿಲ್ಲೇನು?"

ಆ ಕೊನೆಯ ಮಾತು ಆಕೆಗೆ ರಾತ್ರಿಯ ಊಟ ಸೇರಗೊಡಲಿಲ್ಲ.

ಅದರ ಹಿಂದಿನ ದಿನ, ಶನಿವಾರ, ಅರ್ಧ ದಿನದ ಶಾಲೆ. ಭಾರತಿ ಕಲ್ಯಾಣಮ್ಮನನ್ನು ಮುಂದೆ ಕೂಡಿಸಿಕೊಂಡು ಕ್ರಾಸಿಗೆ ಬಂದು, ವೀರಭದ್ರಮ್ಮ, ಸರ್ದಾರಬಿಯರನ್ನು ಹತ್ತಿಸಿಕೊಂಡಳು.

"ಇವತ್ತ ಬಸ್ ಸ್ಟ್ಯಾಂಡಿನ್ಯಾಗ ಇಳಸೂದಿಲ್ಲ. ರಹಿಮಾನನ ಗ್ಯಾರೇಜಿಗೆ ಹೋಗೂನು. ನೀವು ಕುಂತು ಭಾರ ಬಿದ್ರ ಮಾತ್ರ ಗಾಡಿ ಸದ್ದು ಮಾಡ್ತೈತಿ. ಮತ್ತ ನಾನ ಊರಿಗೆ ತಂದು ಬಿಡ್ತೀನಿ."

"ಇಷ್ಟ ದಿನ ಮಂದಿ ಅಂತ ಕರೀತಿದ್ದಿ, ಇವತ್ತ ಒಜ್ಜಿ ಅಂತ ಕರಕೊಂಡು ಹೊಂಟೀಯೇನವ್ವಾ," ಎಂದಳು ವೀರಭದ್ರಮ್ಮ, ಬುಟ್ಟಿ ಒಳಗೆಳೆದುಕೊಳ್ಳುತ್ತ.

ಗ್ಯಾರೇಜಿನ ಮುಂದೆ ಹುಲಿಗೇಶ ಚಹಾ ಕುಡಿಯುತ್ತ ನಿಂತಿದ್ದ. ಗೋಪಣ್ಣನಿಗೆ ಕೊಡುವ ಮೊದಲು ಗಾಡಿ ತೊಳೆದುಕೊಡಲು ರಹಿಮಾನನಿಗೆ ಹೇಳಿಹೋಗಲು ಬಂದಿದ್ದ. ಕಿಟಕಿಯೊಳಗಿನ ಒಂದೊಂದೇ ಮುಖ ನೋಡುತ್ತ ಅವನ ಲೋಟ ಬಾಯಿಯ ಹತ್ತಿರವೇ ನಿಂತಿತು. ಭಾರತಿ ಇಳಿಯಲಿಲ್ಲ.

"ರಹಿಮಾನ್ ಭಾಯ್, ಬಾನೆಟ್ ಎತ್ತು."

"ಎತ್ತೀನ್ರಿ ಮೇಡಂ. ಎಲ್ಲಾರೂ ಇಳೀಲಿ ಮೊದಲ."

"ಯಾರೂ ಇಳಿಯೂದಿಲ್ಲ."

ಅವನು ಬಾನೆಟ್ ಎತ್ತಿದ ಮೇಲೆ ಭಾರತಿ ಬ್ರೇಕ್ ಒತ್ತಿಕೊಂಡೇ ಗಾಡಿಯನ್ನು ಮೊದಲ ಗೇರಿಗೆ ಹಾಕಿ, ಕ್ಲಚ್ ಮೆಲ್ಲಗೆ ಬಿಟ್ಟು, ಬ್ರೇಕ್ ಸಡಿಲಿಸಿದಳು. ನಾಲ್ವರ ಭಾರ ಹೊತ್ತ ಗಾಡಿ ಮುಂದಕ್ಕೆ ಎಳೆಯಿತು. ಟಕ್. ಟಕ್. ಇಡೀ ಗ್ಯಾರೇಜಿಗೆ ಕೇಳಿಸಿತು. ರಹಿಮಾನ್ ಇನ್ನೊಮ್ಮೆ ಮಾಡಿಸಿ, ಬಗ್ಗಿ ನೋಡಿ, ಕೈ ಒರೆಸಿಕೊಂಡ.

"ಸರ್, ಇಂಜಿನ್ ಕೂಡೋ ರಬ್ಬರ್ ಹರದೈತಿ. ಒಜ್ಜಿ ಬಿದ್ದಾಗ ಇಂಜಿನ್ ಎದ್ದು ಬಡ್ಯಾಕತ್ತೈತಿ. ಖಾಲಿ ಗಾಡ್ಯಾಗ ಗೊತ್ತಾಗೂದಿಲ್ಲ. ಮೊದಲ ಹೇಳಬಾರದೇನ್ರಿ ಸರ್."

"ನನಗ ಹೇಳು," ಎಂದಳು ಭಾರತಿ. "ಗಾಡಿ ಹೊಡಿಯಾಕಿ ನಾನು."

ಹುಲಿಗೇಶ ಕಿಟಕಿಯ ಹತ್ತಿರ ಬಂದ. "ದಿನಾ ಇಷ್ಟು ಮಂದೀನ ಕೂಡಿಸ್ಕೋತೀ?"

"ದಿನಾ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕೀಲಿ ಇಸ್ಕೋತಿದ್ರಿ."

ಅವನು ಆರಿಹೋದ ಚಹಾವನ್ನು ನೆಲಕ್ಕೆ ಚೆಲ್ಲಿದ. ಅದು ನಿಜವಾಗಿತ್ತು.

ಹೊಸ ರಬ್ಬರ್ ಕೂಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹುಲಿಗೇಶ ಅಭ್ಯಾಸದಂತೆ ಕೀಲಿಗೆ ಕೈ ಚಾಚಿದ. ಭಾರತಿ ಅದನ್ನು ನೋಡದವಳಂತೆ ಸ್ಟೇರಿಂಗಿನ ಹಿಂದೆ ಕುಳಿತಳು. ಕಲ್ಯಾಣಮ್ಮ ಮುಂದಿನ ಸೀಟು ಬಿಡುವ ಲಕ್ಷಣ ಕಾಣಲಿಲ್ಲ. ಅವನು ಹಿಂದೆ, ವೀರಭದ್ರಮ್ಮನ ಬುಟ್ಟಿಯ ಪಕ್ಕ, ಮೊಣಕಾಲು ಮಡಚಿಕೊಂಡು ಕುಳಿತ.

ಗಾಡಿ ತುಟಿಪಿಟಕ್ಕೆನ್ನದೆ ಸಂತೆಕಲ್ಲೂರಿನ ಕಡೆ ಹೊರಟಿತು. ಭಾರತಿಗೆ ಹಿಗ್ಗಾಗಬೇಕಿತ್ತು, ಆಗಲಿಲ್ಲ. ಒಂದು ತುಂಡು ರಬ್ಬರಿಗೆ, ನುಂಗಿಕೊಂಡ ಒಂದು ಮಾತಿಗೆ ಇಷ್ಟು ವಾರ ಹಾಳಾಯಿತಲ್ಲ ಎಂದು ಹಲ್ಲು ಕಡಿದಳು. ಊರು ದಾಟುತ್ತಲೇ ರಸ್ತೆಯ ಬದಿಯಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಕೈ ಮಾಡಿದಳು. ಭಾರತಿ ವೇಗ ತಗ್ಗಿಸಿ ಕನ್ನಡಿ ನೋಡಿದಳು. ಈಗೇನಾದರೂ ಅಂದರೆ ಇಲ್ಲಿಯೇ ಕೀಲಿ ಕೊಟ್ಟು ಇಳಿದುಬಿಡುವುದೆಂದು ಗಟ್ಟಿ ಮಾಡಿಕೊಂಡಳು.

ಅಷ್ಟರಲ್ಲಿ ಹುಲಿಗೇಶನ ಫೋನು ಬಡಿದುಕೊಂಡಿತು. ಅವನು ಮೊಟ್ಟೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿನ ಕಡೆ ಒತ್ತರಿಸಿ ಜಾಗ ಮಾಡಿ, ಫೋನ್ ಕಿವಿಗಿಟ್ಟ.

"ಗಾಡಿ ಕೊಡಾಕ ಆಗೂದಿಲ್ಲ ಗೋಪಣ್ಣ," ಎಂದ. "ಮಂದಿ ಕುಂತಾರ."